ಬಾಗಿಲು ಹಾಕಿದವನು

1974ರ ಮಾರ್ಚ್ 3, ಭಾನುವಾರ. ಇಸ್ತಾಂಬುಲಿನಿಂದ ಬಂದ ಟರ್ಕಿಶ್ ಏರ್‌ಲೈನ್ಸಿನ ದೊಡ್ಡ ವಿಮಾನವೊಂದು ಪ್ಯಾರಿಸಿನ ಓರ್ಲಿ ನಿಲ್ದಾಣದಲ್ಲಿ ನಿಂತಿತ್ತು. ಮುಂದಿನ ಪ್ರಯಾಣ ಲಂಡನ್ನಿಗೆ. ಆ ದಿನಗಳಲ್ಲಿ ಬ್ರಿಟನ್ನಿನ ವಿಮಾನ ಸಂಸ್ಥೆಯಲ್ಲಿ ಮುಷ್ಕರ ನಡೆದಿತ್ತು. ಹಾಗಾಗಿ ಪ್ಯಾರಿಸಿನಲ್ಲಿ ಸಿಕ್ಕಿಕೊಂಡಿದ್ದ ಇನ್ನೂರಕ್ಕೂ ಹೆಚ್ಚು ಮಂದಿ ಸಿಕ್ಕ ಸೀಟು ಹಿಡಿದು ಈ ವಿಮಾನ ಹತ್ತಿದರು. ಇಂಗ್ಲೆಂಡಿನ ಒಂದು ರಗ್ಬಿ ತಂಡದವರು, ನಲವತ್ತಕ್ಕೂ ಹೆಚ್ಚು ಜಪಾನೀಯರು, ಮನೆ ಸೇರುವ ಆತುರದ ಕುಟುಂಬಗಳು... ಹೀಗೆ ಪ್ರಯಾಣಿಕರು ಮತ್ತು ಸಿಬ್ಬಂದಿ ಸೇರಿ 346 ಮಂದಿ.

ಹಿಂಭಾಗದ ಸರಕು ಕೋಣೆಯ ಬಾಗಿಲನ್ನು ಹಾಕಿದವನು ಅಲ್ಜೀರಿಯಾದಿಂದ ಬಂದು ಫ್ರಾನ್ಸಿನಲ್ಲಿ ದುಡಿಯುತ್ತಿದ್ದ ಒಬ್ಬ ಕಾರ್ಮಿಕ. ಗುಂಡಿ ಒತ್ತಿದ, ಬಾಗಿಲು ಬಂದು ಕೂತಿತು. ಹೊರಗಿನ ಹಿಡಿಕೆಯನ್ನು ಕೆಳಕ್ಕೆ ಎಳೆದ, ಅದು ಸಲೀಸಾಗಿ ಇಳಿಯಿತು. ಬಾಗಿಲ ಬಳಿ ಎಚ್ಚರಿಕೆಯ ಸೂಚನೆಗಳಿದ್ದವು. ಅವು ಇಂಗ್ಲಿಷ್ ಮತ್ತು ಟರ್ಕಿ ಭಾಷೆಯಲ್ಲಿದ್ದವು. ಅವನಿಗೆ ಬೇರೆ ಭಾಷೆಗಳು ಗೊತ್ತಿದ್ದವು, ಆ ಎರಡು ಗೊತ್ತಿರಲಿಲ್ಲ. ಒಳಗಿನ ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ನಾಣ್ಯದಷ್ಟು ಅಗಲದ ಒಂದು ಕಿಂಡಿ ಇತ್ತು. ಅದರಲ್ಲಿ ಇಣುಕಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಅವನ ಕೆಲಸವೂ ಆಗಿರಲಿಲ್ಲ. ಯಾರ ಕೆಲಸವಾಗಿತ್ತೋ ಅವರು ಆ ದಿನ ಇಣುಕಲಿಲ್ಲ.

ವಿಮಾನ ಹಾರಿದ ಹತ್ತು ನಿಮಿಷದೊಳಗೆ, ಸುಮಾರು 11,500 ಅಡಿ ಎತ್ತರದಲ್ಲಿ ಆ ಬಾಗಿಲು ಕಿತ್ತುಹೋಯಿತು. ಅದರೊಂದಿಗೆ ಮೇಲಿನ ನೆಲ ಕುಸಿದು, ಎರಡು ಸಾಲು ಸೀಟುಗಳು ಅವುಗಳಲ್ಲಿ ಕುಳಿತಿದ್ದ ಆರು ಮಂದಿಯ ಸಮೇತ ಆಕಾಶಕ್ಕೆ ಬಿದ್ದವು. ವಿಮಾನದ ಬಾಲವನ್ನು ನಿಯಂತ್ರಿಸುವ ತಂತಿಗಳು ಆ ನೆಲದ ಕೆಳಗೇ ಹಾದುಹೋಗುತ್ತಿದ್ದುದರಿಂದ ಪೈಲಟ್‌ಗಳ ಕೈಯಲ್ಲಿ ಏನೂ ಉಳಿಯಲಿಲ್ಲ. ಒಂದೂಕಾಲು ನಿಮಿಷದ ಸುಮಾರಿಗೆ ಎರ್ಮನೊನ್ವಿಲ್ ಎಂಬ ಕಾಡಿನಲ್ಲಿ ಎಲ್ಲವೂ ಮುಗಿಯಿತು. ಒಬ್ಬರೂ ಬದುಕಲಿಲ್ಲ. ಅಲ್ಲಿಯವರೆಗಿನ ವಿಮಾನಯಾನದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಪಘಾತ ಆಗಿರಲಿಲ್ಲ.

ಮೊದಲು ಬೆರಳು ತೋರಿದ್ದು ಆ ಕಾರ್ಮಿಕನ ಕಡೆಗೆ. ಅನಕ್ಷರಸ್ಥ, ವಲಸೆಗಾರ, ಬಾಗಿಲು ಸರಿಯಾಗಿ ಹಾಕಲಿಲ್ಲ ಎಂದರು. ಮುನ್ನೂರ ನಲವತ್ತಾರು ಜೀವಗಳನ್ನು ಹೊರಿಸಲು ಅಷ್ಟು ಬಡವಾದ ಹೆಗಲು ಇನ್ನೊಂದು ಸಿಗುತ್ತಿರಲಿಲ್ಲವೇನೋ! ಆದರೆ ಆ ಬಾಗಿಲಿನ ಕತೆ ಓರ್ಲಿಯಲ್ಲಿ ಶುರುವಾದದ್ದಲ್ಲ. ಅದು ಎಂಟು ವರ್ಷಗಳಷ್ಟು ಹಿಂದೆ, ಅಮೆರಿಕದ ಎರಡು ಕಂಪನಿಗಳ ಹಠದಲ್ಲಿ ಶುರುವಾಯಿತು.

1966ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ತನಗೆ ಬೇಕಾದ ವಿಮಾನದ ಒಂದು ಚಿತ್ರವನ್ನು ತಯಾರಕರ ಮುಂದಿಟ್ಟಿತು. ಬೋಯಿಂಗ್ ಆಗ ತನ್ನ ಭಾರೀ 747 ಕಟ್ಟುವುದರಲ್ಲಿ ಮುಳುಗಿತ್ತು. ಅಮೆರಿಕನ್‌ಗೆ ಬೇಕಾಗಿದ್ದದ್ದು ಅದಕ್ಕಿಂತ ಚಿಕ್ಕದು. ಅಗಲವಾದ ಒಡಲು, ಎರಡು ಎಂಜಿನ್, ಸಣ್ಣ ನಿಲ್ದಾಣಗಳಲ್ಲೂ ಇಳಿಯಬಲ್ಲದ್ದು. ಇಬ್ಬರು ಮುಂದೆ ಬಂದರು. ಒಬ್ಬರು ಡಗ್ಲಸ್. ಡಿಸಿ-3 ಎಂಬ ಡಕೋಟಾ ವಿಮಾನದಿಂದ ಜಗತ್ತಿಗೆ ಹಾರಲು ಕಲಿಸಿದ್ದ ಈ ಕಂಪನಿ ಜೆಟ್ ಯುಗದಲ್ಲಿ ಬೋಯಿಂಗಿನ ಹಿಂದೆ ಬಿದ್ದು, ಸಾಲದಲ್ಲಿ ಮುಳುಗಿ, 1967ರಲ್ಲಿ ಯುದ್ಧವಿಮಾನ ಮಾಡುವ ಮ್ಯಾಕ್‌ಡೊನೆಲ್ ಕಂಪನಿಯೊಂದಿಗೆ ವಿಲೀನವಾಗಿತ್ತು. ಇನ್ನೊಬ್ಬರು ಲಾಕ್‌ಹೀಡ್. ಅವರ ಹೆಚ್ಚಿನ ದುಡಿಮೆ ಸೈನ್ಯದ ಗುತ್ತಿಗೆಗಳಿಂದ.

ಇಬ್ಬರೂ ಬೇರೆ ಬೇರೆ ಗಿರಾಕಿಗಳನ್ನು ಮೆಚ್ಚಿಸಲು ಹೋಗಿ ಎರಡು ಎಂಜಿನ್ನಿನ ಕಲ್ಪನೆಯನ್ನು ಬಿಟ್ಟು ಮೂರು ಎಂಜಿನ್ನಿಗೆ ಬಂದು ನಿಂತರು. ಕೊನೆಗೆ ಮ್ಯಾಕ್‌ಡೊನೆಲ್ ಡಗ್ಲಸ್‌ನ ಡಿಸಿ-10 ಮತ್ತು ಲಾಕ್‌ಹೀಡಿನ ಟ್ರೈಸ್ಟಾರ್ ಎದುರುಬದುರು ಮನೆಯ ಅಣ್ಣತಮ್ಮಂದಿರಂತೆ ಕಾಣತೊಡಗಿದವು. ಬಾಲದ ಎಂಜಿನ್ ಕೂರಿಸಿದ ಬಗೆಯೊಂದು ಬಿಟ್ಟರೆ ಸಾಮಾನ್ಯ ಪ್ರಯಾಣಿಕನಿಗೆ ಎರಡರ ನಡುವೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. 1968ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಡಿಸಿ-10ಕ್ಕೆ ಆರ್ಡರ್ ಕೊಟ್ಟಿತು. ಮಾರ್ಚ್ ಮುಗಿಯುವಷ್ಟರಲ್ಲಿ ಈಸ್ಟರ್ನ್ ಮತ್ತು ಟಿಡಬ್ಲ್ಯುಎ ಟ್ರೈಸ್ಟಾರ್ ಕಡೆಗೆ ಹೋದವು. ಏಪ್ರಿಲಿನಲ್ಲಿ ಯುನೈಟೆಡ್ ಡಿಸಿ-10ರ ಕಡೆಗೆ ಬಂತು. ಒಬ್ಬರಿಗೆ ಮಾತ್ರ ಸಾಲುವ ಸಂತೆಯಲ್ಲಿ ಇಬ್ಬರು ಅಂಗಡಿ ಹೂಡಿದ್ದರು. ಮೊದಲು ಹಾರಿಸಿದವನೇ ಗೆದ್ದಂತೆ ಎಂಬ ಲೆಕ್ಕದಲ್ಲಿ ಓಟ ಶುರುವಾಯಿತು. ಡಿಸಿ-10 ಮೊದಲು ಹಾರಿದ್ದು 1970ರ ಆಗಸ್ಟ್ 29ರಂದು, ಟ್ರೈಸ್ಟಾರ್ ಅದೇ ವರ್ಷ ನವೆಂಬರ್ 16ರಂದು.

ಇನ್ನು ಬಾಗಿಲಿನ ವಿಷಯ. ಎತ್ತರದಲ್ಲಿ ಹಾರುವ ವಿಮಾನದ ಒಳಗೆ ಗಾಳಿಯ ಒತ್ತಡ ಹೆಚ್ಚು, ಹೊರಗೆ ಕಡಿಮೆ. ಪ್ರಯಾಣಿಕರ ಬಾಗಿಲುಗಳು ಸಾಮಾನ್ಯವಾಗಿ ಸೀಸೆಗೆ ಒಳಗಿನಿಂದ ಬಿರಡೆ ಹಾಕಿದಂತೆ ಇರುತ್ತವೆ. ಒತ್ತಡ ಹೆಚ್ಚಿದಷ್ಟೂ ಇನ್ನಷ್ಟು ಬಿಗಿಯುತ್ತವೆ. ಆದರೆ ಡಿಸಿ-10ರ ಸರಕು ಕೋಣೆಯಲ್ಲಿ ಜಾಗ ಉಳಿಸಲು ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಲಾಗಿತ್ತು. ಅಂಥ ಬಾಗಿಲನ್ನು ಒಳಗಿನ ಗಾಳಿ ಸದಾ ಹೊರಕ್ಕೆ ದೂಡುತ್ತಿರುತ್ತದೆ. ಅದನ್ನು ತಡೆಯುವುದು ಕೊಕ್ಕೆಗಳು, ಕೊಕ್ಕೆಗಳು ಜಾರದಂತೆ ಅಗುಳಿಗಳು. ಕೊಕ್ಕೆ ಪೂರ್ತಿ ಬೀಳದಿದ್ದರೆ ಹಿಡಿಕೆ ಇಳಿಯಬಾರದು. ಆದರೆ ಈ ಬಾಗಿಲಿನಲ್ಲಿ ಸ್ವಲ್ಪ ಬಲ ಹಾಕಿದರೆ ಒಳಗಿನ ಸರಳು ಬಾಗಿ, ಅಗುಳಿ ಬೀಳದೆಯೂ ಹಿಡಿಕೆ ಇಳಿಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಬಾಗಿಲು ಭದ್ರ!

ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 1970ರ ಮೇ ತಿಂಗಳಲ್ಲಿ, ಮೊದಲ ವಿಮಾನ ಹಾರುವ ಮುನ್ನವೇ, ಕಾರ್ಖಾನೆಯ ನೆಲದ ಮೇಲೆ ಒತ್ತಡದ ಪರೀಕ್ಷೆ ಮಾಡುವಾಗ ಸರಕು ಬಾಗಿಲು ಸಿಡಿದು ಒಳಗಿನ ನೆಲ ಕುಸಿದಿತ್ತು. ಒಂದು ಪುಟ್ಟ ಗಾಳಿ ಕಿಂಡಿ ಸೇರಿಸಿ ಮುಂದುವರಿದರು. 1972ರ ಜೂನ್ 12ರಂದು ಅಮೆರಿಕನ್ ಏರ್‌ಲೈನ್ಸಿನ ಡಿಸಿ-10 ಒಂದು ಡೆಟ್ರಾಯಿಟಿನಿಂದ ಹೊರಟು ಕೆನಡಾದ ವಿಂಡ್ಸರ್ ಮೇಲೆ ಹಾರುತ್ತಿದ್ದಾಗ ಅದೇ ಹಿಂಬಾಗಿಲು ಕಿತ್ತುಹೋಯಿತು, ಅದೇ ರೀತಿ ನೆಲ ಕುಸಿಯಿತು. ಆ ದಿನ ವಿಮಾನದಲ್ಲಿದ್ದವರು 67 ಮಂದಿ ಮಾತ್ರ. ಹೊರೆ ಕಡಿಮೆ ಇದ್ದುದರಿಂದ ತಂತಿಗಳು ಪೂರ್ತಿ ಹೋಗಲಿಲ್ಲ. ಕ್ಯಾಪ್ಟನ್ ಬ್ರೈಸ್ ಮ್ಯಾಕ್‌ಕಾರ್ಮಿಕ್ ಅಸಾಧಾರಣ ಜಾಣ್ಮೆಯಿಂದ ವಿಮಾನವನ್ನು ಇಳಿಸಿದರು. ಹೊರಬಿದ್ದ ಸಾಮಾನುಗಳಲ್ಲಿ ಒಂದು ಶವಪೆಟ್ಟಿಗೆಯೂ ಇತ್ತು. ಕತೆಗಾರನೊಬ್ಬ ಬರೆದಿದ್ದರೆ ಅತಿಯಾಯಿತು ಎಂದು ನಾವೇ ಹೊಡೆದುಹಾಕುತ್ತಿದ್ದೆವು.

ಆಮೇಲೆ ನಡೆದದ್ದೇ ಈ ಕತೆಯ ಹೃದಯ. ಅಮೆರಿಕದ ವಿಮಾನಯಾನ ಪ್ರಾಧಿಕಾರದ ಸ್ಥಳೀಯ ಕಚೇರಿ ಕಡ್ಡಾಯ ಆದೇಶವೊಂದನ್ನು ಸಿದ್ಧಪಡಿಸಿತ್ತು. ಆ ಆದೇಶ ಹೊರಬಿದ್ದರೆ ದೋಷ ಜಗಜ್ಜಾಹೀರಾಗುತ್ತಿತ್ತು. ಎದುರಾಳಿ ಟ್ರೈಸ್ಟಾರ್ ಅದೇ ಏಪ್ರಿಲಿನಲ್ಲಿ ತಾನೇ ಪ್ರಯಾಣಿಕರನ್ನು ಹೊತ್ತು ಮಾರುಕಟ್ಟೆಗೆ ಇಳಿದಿತ್ತು. ಡಗ್ಲಸ್ ವಿಭಾಗದ ಅಧ್ಯಕ್ಷ ಜಾಕ್ಸನ್ ಮ್ಯಾಕ್‌ಗೋವನ್ ಮತ್ತು ಪ್ರಾಧಿಕಾರದ ಮುಖ್ಯಸ್ಥ ಜಾನ್ ಶಾಫರ್ ನಡುವೆ ಫೋನಿನಲ್ಲಿ ಮಾತಾಯಿತು. ಕಡ್ಡಾಯ ಆದೇಶ ಬೇಡ, ಕಂಪನಿಯೇ ಗಿರಾಕಿಗಳಿಗೆ ಸೂಚನೆ ಕಳಿಸಿ ಸರಿಪಡಿಸಿಕೊಳ್ಳಲಿ ಎಂದು ತೀರ್ಮಾನವಾಯಿತು. ಚರಿತ್ರೆಯಲ್ಲಿ ಇದು ಸಭ್ಯರ ಒಪ್ಪಂದ ಎಂದೇ ಹೆಸರಾಗಿದೆ. ಸಭ್ಯತೆ ಎಂಬ ಪದಕ್ಕೆ ಇದಕ್ಕಿಂತ ದೊಡ್ಡ ಅವಮಾನ ನಮಗೆ ಗೊತ್ತಿಲ್ಲ.

ಅದಾಗಿ ಎರಡು ವಾರದೊಳಗೆ ಇನ್ನೊಂದು ಕಾಗದ ಹುಟ್ಟಿತು. ಬಾಗಿಲುಗಳನ್ನು ತಯಾರಿಸುತ್ತಿದ್ದದ್ದು ಕಾನ್ವೇರ್ ಎಂಬ ಉಪಗುತ್ತಿಗೆ ಕಂಪನಿ. ಅಲ್ಲಿನ ಹಿರಿಯ ಎಂಜಿನಿಯರ್ ಡಾನ್ ಆಪಲ್‌ಗೇಟ್ 1972ರ ಜೂನ್ 27ರಂದು ತನ್ನ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಮುಂದಿನ 20 ವರ್ಷಗಳಲ್ಲಿ ಈ ಬಾಗಿಲುಗಳು ತೆರೆದುಕೊಳ್ಳುವುದು ಖಚಿತ, ತೆರೆದುಕೊಂಡರೆ ವಿಮಾನವೇ ಹೋಗುವ ಸಂಭವ ಹೆಚ್ಚು, ಆದ್ದರಿಂದ ಸರಿಪಡಿಸಲೇಬೇಕು ಎಂಬುದು ಅದರ ಸಾರಾಂಶ. ಮೇಲಿನವರು ಆ ಮಾತನ್ನು ಅಲ್ಲಗಳೆಯಲಿಲ್ಲ. ಆದರೆ ನಾವಾಗಿ ಬಾಯಿಬಿಟ್ಟರೆ ಸರಿಪಡಿಸುವ ಖರ್ಚು ನಮ್ಮ ತಲೆಗೇ ಬರುತ್ತದೆ ಎಂದು ಲೆಕ್ಕ ಹಾಕಿದರು. ಕಾಗದ ಕಪಾಟು ಸೇರಿತು. 346 ಮಂದಿ ಸತ್ತ ಮೇಲೆ, ಪರಿಹಾರದ ಮೊಕದ್ದಮೆಗಳ ಕಾಲದಲ್ಲಿ ಅದು ಬೆಳಕಿಗೆ ಬಂತು. ಇಪ್ಪತ್ತು ವರ್ಷ ಬೇಕಾಗಿರಲಿಲ್ಲ, ಇಪ್ಪತ್ತು ತಿಂಗಳು ಸಾಕಾಯಿತು.

ಆ ಟರ್ಕಿ ವಿಮಾನ ಟರ್ಕಿಗೆ ಬಂದದ್ದು ಹೇಗೆ ಎಂಬುದು ಇನ್ನೂ ವಿಚಿತ್ರ. ಅದು ಮೂಲತಃ ಜಪಾನಿಗೆಂದು, ಮಿತ್ಸುಯಿ ಕಂಪನಿಯ ಮೂಲಕ ಆಲ್ ನಿಪ್ಪಾನ್ ಏರ್‌ವೇಸಿಗೆ ಮಾರುವ ಭರವಸೆಯಲ್ಲಿ ಕಟ್ಟಿದ ವಿಮಾನಗಳಲ್ಲೊಂದು. 1972ರಲ್ಲಿ ಆಲ್ ನಿಪ್ಪಾನ್ ಮನಸ್ಸು ಬದಲಿಸಿ ಟ್ರೈಸ್ಟಾರ್ ಕೊಂಡಿತು. ಯಾಕೆಂದು 1976ರಲ್ಲಿ ಜಗತ್ತಿಗೆ ತಿಳಿಯಿತು. ಲಾಕ್‌ಹೀಡ್ ಜಪಾನಿನ ಪ್ರಧಾನಿ ಕಾಕುಯೆಯಿ ತನಕಾ ಅವರಿಗೆ ಮರುಬೇನಿ ಕಂಪನಿಯ ಮೂಲಕ 50 ಕೋಟಿ ಯೆನ್ ತಲುಪಿಸಿತ್ತು. ತನಕಾ ಅವರ ಬಂಧನವಾಯಿತು, 1983ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದಿತು. ಮೇಲ್ಮನವಿ ಇತ್ಯರ್ಥವಾಗುವ ಮುನ್ನ 1993ರಲ್ಲಿ ಅವರು ತೀರಿಕೊಂಡರು. ಇತ್ತ ಗಿರಾಕಿ ಕೈತಪ್ಪಿದ ಡಿಸಿ-10ಗಳು ಟರ್ಕಿಶ್ ಏರ್‌ಲೈನ್ಸಿನ ಪಾಲಾದವು. ಜಪಾನಿಗೆ ಹೋಗದ ವಿಮಾನದಲ್ಲಿ ಜಪಾನಿನ ತರುಣರು ಸತ್ತರು. ಆ ಬಾಗಿಲಿಗೆ ಮಾಡಬೇಕಿದ್ದ ತಿದ್ದುಪಡಿ ಆಗಿದೆ ಎಂದು ಕಾರ್ಖಾನೆಯ ದಾಖಲೆಯಲ್ಲಿ ಮೊಹರು ಬಿದ್ದಿತ್ತು. ಬಿದ್ದ ಬಾಗಿಲನ್ನು ಹೊಲದಿಂದ ಎತ್ತಿ ತಂದು ಬಿಚ್ಚಿ ನೋಡಿದಾಗ ಆ ಲೋಹದ ತುಂಡು ಅಲ್ಲಿ ಇರಲೇ ಇಲ್ಲ.

ಲಾಕ್‌ಹೀಡಿನ ಹಣ ಜಪಾನಿನಲ್ಲಷ್ಟೇ ಹರಿದದ್ದಲ್ಲ. ಹಾಲೆಂಡಿನ ರಾಣಿಯ ಗಂಡ ಪ್ರಿನ್ಸ್ ಬರ್ನಾರ್ಡ್ ಹೆಸರೂ ಬಂತು. ನಮ್ಮ ಸಮುದಾಯದವರು ಕೇಳಿ ತಿಳಿದಿರಬೇಕಾದ ಇನ್ನೊಂದು ಹೆಸರು ಅದ್ನಾನ್ ಖಶೋಗಿ. ಸೌದಿ ಅರೇಬಿಯಕ್ಕೆ ಸೈನಿಕ ವಿಮಾನಗಳನ್ನು ಮಾರಿಸಿಕೊಟ್ಟದ್ದಕ್ಕೆ 1970ರಿಂದ 1975ರ ನಡುವೆ ಲಾಕ್‌ಹೀಡ್ ಆತನಿಗೆ ಕೊಟ್ಟ ಕಮಿಷನ್ 10 ಕೋಟಿ ಡಾಲರಿಗೂ ಮೇಲು. ಪಶ್ಚಿಮದ ಲಾಭಕೋರತನವನ್ನು ಬಯ್ಯುವಾಗ ಈ ದಲಾಲಿಯನ್ನು ಮರೆಯುವುದು ನ್ಯಾಯವಲ್ಲ.

ಇಷ್ಟೆಲ್ಲ ಮಾಡಿ ಗೆದ್ದವರು ಯಾರು? ಟ್ರೈಸ್ಟಾರಿಗೆ ಎಂಜಿನ್ ಮಾಡುತ್ತಿದ್ದ ಬ್ರಿಟನ್ನಿನ ರೋಲ್ಸ್ ರಾಯ್ಸ್ 1971ರ ಫೆಬ್ರವರಿಯಲ್ಲೇ ದಿವಾಳಿಯಾಗಿ ಸರ್ಕಾರದ ಕೈಗೆ ಹೋಯಿತು. ಲಾಕ್‌ಹೀಡನ್ನು ಉಳಿಸಲು ಅಮೆರಿಕದ ಸೆನೆಟ್ ಒಂದೇ ಒಂದು ಮತದ ಅಂತರದಲ್ಲಿ ಸಾಲಕ್ಕೆ ಜಾಮೀನು ನಿಂತಿತು. ಒಟ್ಟು 250 ಟ್ರೈಸ್ಟಾರ್ ಕಟ್ಟುವಷ್ಟರಲ್ಲಿ ಲಾಕ್‌ಹೀಡ್ ಪ್ರಯಾಣಿಕ ವಿಮಾನದ ವ್ಯಾಪಾರವನ್ನೇ ಬಿಟ್ಟಿತು. ಡಿಸಿ-10, ಸೈನ್ಯದ ಇಂಧನ ವಿಮಾನಗಳೂ ಸೇರಿ, 446ಕ್ಕೆ ನಿಂತಿತು. 1979ರ ಮೇ 25ರಂದು ಷಿಕಾಗೋದಲ್ಲಿ ಇನ್ನೊಂದು ಡಿಸಿ-10 ಎಂಜಿನ್ ಕಳಚಿ ಬಿದ್ದು 273 ಮಂದಿ ಸತ್ತರು. ಅಲ್ಲಿನ ಕಾರಣ ಬೇರೆ, ಎಂಜಿನ್ ಬಿಚ್ಚಿ ಜೋಡಿಸುವಾಗ ಹಿಡಿದ ಅಡ್ಡದಾರಿ. ಆದರೆ ಜನರ ಮನಸ್ಸಿನಲ್ಲಿ ಆ ವಿಮಾನದ ಹೆಸರು ಮತ್ತೆ ಏಳಲಿಲ್ಲ.

ಗೆದ್ದದ್ದು ಮೂರನೆಯವರು. ಯೂರೋಪಿನ ದೇಶಗಳು ಸೇರಿ 1970ರಲ್ಲಿ ಕಟ್ಟಿದ ಏರ್‌ಬಸ್ ಎಂಬ ಕೂಟ, ಅಮೆರಿಕನ್ ಏರ್‌ಲೈನ್ಸ್ 1966ರಲ್ಲಿ ಕೇಳಿದ್ದಕ್ಕೆ ಹತ್ತಿರವಾದದ್ದನ್ನೇ ಮಾಡಿತು: ಅಗಲವಾದ ಒಡಲು, ಎರಡೇ ಎಂಜಿನ್. ಆ ಎ-300 ಪ್ರಯಾಣಿಕರನ್ನು ಹೊರತೊಡಗಿದ್ದು 1974ರ ಮೇ ತಿಂಗಳಲ್ಲಿ, ಎರ್ಮನೊನ್ವಿಲ್ ದುರಂತವಾದ ಮೂರನೇ ತಿಂಗಳು. ಮೊದಲು ಕೊಂಡ ಕೆಲವೇ ಸಂಸ್ಥೆಗಳಲ್ಲಿ ನಮ್ಮ ಇಂಡಿಯನ್ ಏರ್‌ಲೈನ್ಸೂ ಒಂದು.

ಏರ್‌ಬಸ್ ಬೆಳೆಯಿತು. ಮ್ಯಾಕ್‌ಡೊನೆಲ್ ಡಗ್ಲಸ್ ಬಡವಾಗಿ 1997ರಲ್ಲಿ ಬೋಯಿಂಗಿನಲ್ಲಿ ಕರಗಿತು. ಬೋಯಿಂಗಿನ ದುಡ್ಡಿನಲ್ಲೇ ಮ್ಯಾಕ್‌ಡೊನೆಲ್ ಡಗ್ಲಸ್ ಬೋಯಿಂಗನ್ನು ಕೊಂಡಿತು ಎಂದು ಕಾರ್ಖಾನೆಯವರು ಆಗ ಆಡಿಕೊಂಡರು. ಎಂಜಿನಿಯರರ ಮಾತು ನಡೆಯುತ್ತಿದ್ದ ಮನೆಯಲ್ಲಿ ಲೆಕ್ಕಿಗರ ಮಾತು ನಡೆಯತೊಡಗಿತು ಎಂಬುದು ಅದರ ಅರ್ಥ. 2010ರ ಡಿಸೆಂಬರಿನಲ್ಲಿ ಏರ್‌ಬಸ್, ಇಂಧನ ಉಳಿಸುವ ಹೊಸ ಎಂಜಿನ್ನಿನ ಎ-320 ನಿಯೊ ಪ್ರಕಟಿಸಿತು. 2011ರ ಜುಲೈಯಲ್ಲಿ ಅದೇ ಅಮೆರಿಕನ್ ಏರ್‌ಲೈನ್ಸ್ 260 ಏರ್‌ಬಸ್‌ಗಳನ್ನು ಕೊಳ್ಳುವುದಾಗಿ ಹೇಳಿದಾಗ ಬೋಯಿಂಗಿಗೆ ನೆಲ ನಡುಗಿತು. ಹೊಸ ವಿಮಾನ ಕಟ್ಟಲು ವ್ಯವಧಾನವಿರಲಿಲ್ಲ. 1967ರಲ್ಲಿ ಮೊದಲು ಹಾರಿದ 737ಕ್ಕೇ ದೊಡ್ಡ ಎಂಜಿನ್ ಜೋಡಿಸಿ ಮ್ಯಾಕ್ಸ್ ಎಂದು ಕರೆದರು. ವಿಮಾನ ನೆಲಕ್ಕೆ ಹತ್ತಿರವಿದ್ದುದರಿಂದ ಎಂಜಿನ್ನನ್ನು ಮುಂದಕ್ಕೂ ಮೇಲಕ್ಕೂ ಸರಿಸಬೇಕಾಯಿತು. ಅದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲಕ್ಕೆ ಏಳುವ ಸ್ವಭಾವ ಬಂತು. ಅದನ್ನು ತಾನಾಗಿ ಕೆಳಕ್ಕೆ ಒತ್ತುವ ಒಂದು ತಂತ್ರಾಂಶವನ್ನು ಒಳಗಿಟ್ಟರು. ವಿಮಾನದ ಮೂಗಿನ ಎರಡು ಪಕ್ಕದಲ್ಲೂ ಕೋನ ಅಳೆಯುವ ಸಾಧನಗಳಿದ್ದರೂ ಈ ತಂತ್ರಾಂಶ ಒಂದರ ಮಾತನ್ನಷ್ಟೇ ಕೇಳುತ್ತಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ಇದ್ದಿದ್ದರೆ ಹೊಸ ತರಬೇತಿ ಬೇಕೆಂಬ ಮಾತು ಬರುತ್ತಿತ್ತು. ತರಬೇತಿಗೆ ಖರ್ಚು, ಖರ್ಚೆಂದರೆ ಏರ್‌ಬಸ್‌ಗೆ ಅನುಕೂಲ.

2018ರ ಅಕ್ಟೋಬರ್ 29ರಂದು ಇಂಡೋನೇಷ್ಯದ ಲಯನ್ ಏರ್ ವಿಮಾನ ಜಾವಾ ಸಮುದ್ರಕ್ಕೆ ಬಿತ್ತು. 189 ಸಾವು. ಅದರ ಕ್ಯಾಪ್ಟನ್ ದಿಲ್ಲಿಯಿಂದ ಹೋಗಿದ್ದ 31 ವರ್ಷದ ನಮ್ಮ ದೇಶದ ತರುಣ. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸಿನ ವಿಮಾನ ಅಡಿಸ್ ಅಬಾಬಾದ ಬಳಿ ಬಿತ್ತು. 157 ಸಾವು. ಎರಡು ದುರಂತಗಳ ನಡುವೆ, 2018ರ ಡಿಸೆಂಬರಿನಲ್ಲಿ, ಅಮೆರಿಕದ ಪ್ರಾಧಿಕಾರದ ಒಳಗೇ ಒಂದು ಲೆಕ್ಕ ತಯಾರಾಗಿತ್ತು. ಸರಿಪಡಿಸದೆ ಬಿಟ್ಟರೆ ಈ ಮಾದರಿಯ ಆಯುಷ್ಯದಲ್ಲಿ ಇಂಥ 15ರಷ್ಟು ಅಪಘಾತಗಳಾಗಬಹುದು ಎಂದು! ಆದರೂ ವಿಮಾನಗಳನ್ನು ನೆಲಕ್ಕಿಳಿಸಲಿಲ್ಲ. ಆಪಲ್‌ಗೇಟ್‌ರ ಟಿಪ್ಪಣಿಗೆ ನಲವತ್ತಾರು ವರ್ಷಗಳ ನಂತರ ಹುಟ್ಟಿದ ತಮ್ಮ ಎನ್ನಬೇಕು ಇದನ್ನು.

ಮತ್ತೆ ಬೆರಳು ಯಾರ ಕಡೆಗೆ ಹೋಯಿತು? ಬಡ ದೇಶದ ಪೈಲಟ್‌ಗಳ ಕಡೆಗೆ. ಅಮೆರಿಕದಲ್ಲಿ ಕಲಿತವರಾಗಿದ್ದರೆ ಇಳಿಸುತ್ತಿದ್ದರು ಎಂದು ದೊಡ್ಡವರೇ ಬರೆದರು, ಮಾತಾಡಿದರು. ಲಯನ್ ಏರ್ 2017ರಲ್ಲೇ ತನ್ನ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿಯ ವಿಷಯ ಎತ್ತಿದಾಗ ಬೋಯಿಂಗಿನ ನೌಕರರು ತಮ್ಮತಮ್ಮಲ್ಲಿ ಅದನ್ನು ಗೇಲಿ ಮಾಡಿದ್ದ ಸಂದೇಶಗಳು 2020ರಲ್ಲಿ ಹೊರಬಂದವು. ಕಲಿಸಿ ಎಂದು ಕೇಳಿದವರನ್ನೇ ಕಲಿಯದವರು ಎಂದದ್ದು.

ಪೈಲಟ್ ತಪ್ಪು ಮಾಡುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಕೆಂಜಾರಿನಲ್ಲಿ ಕಣಿವೆಗುರುಳಿ 158 ಮಂದಿ ಹೋದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ದುಃಖ ಇನ್ನೂ ಆರಿಲ್ಲ. ಅಲ್ಲಿ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರದ ಕ್ಯಾಪ್ಟನ್ನಿನ ತಪ್ಪನ್ನು ತನಿಖೆ ಎತ್ತಿ ತೋರಿಸಿತು, ಅದನ್ನು ಅಲ್ಲಗಳೆಯಲು ನಮ್ಮಲ್ಲಿ ಕಾರಣವಿಲ್ಲ. ಆದರೆ 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುನ್ನವೇ ಇಂಡಿಯನ್ ಏರ್‌ಲೈನ್ಸಿನ ಹೊಸ ಎ-320 ನೆಲಕ್ಕೆ ಬಡಿದು 92 ಮಂದಿ ಸತ್ತಾಗ ವಿಷಯ ಅಷ್ಟು ಸರಳವಾಗಿರಲಿಲ್ಲ. ಕಂಪ್ಯೂಟರ್ ಹಿಡಿತದ ಆ ವಿಮಾನ ನಮ್ಮಲ್ಲಿಗೆ ಬಂದು ವರ್ಷವೂ ತುಂಬಿರಲಿಲ್ಲ. ಎಂಜಿನ್ ಮಂದಗತಿಯಲ್ಲಿದ್ದುದನ್ನು ಪೈಲಟ್‌ಗಳು ಸಮಯಕ್ಕೆ ಗಮನಿಸಲಿಲ್ಲ ಎಂದಿತು ತನಿಖೆ. ಆದರೂ ಸರ್ಕಾರ ಆ ಮಾದರಿಯ ಎಲ್ಲ ವಿಮಾನಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿತ್ತು. ಸರ್ಕಾರಕ್ಕೂ ಎಲ್ಲೋ ಅನುಮಾನ ಇದ್ದಿರಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬೋಯಿಂಗ್ 787 ಬಿದ್ದು 260 ಜೀವಗಳು ಹೋದಾಗಲೂ, ಒಂದು ತಿಂಗಳಿನಲ್ಲಿ ಪ್ರಾಥಮಿಕ ವರದಿ ಬಂದದ್ದೇ ತಡ, ಅಂತಿಮ ವರದಿಗೆ ಕಾಯದೆ ಸತ್ತ ಪೈಲಟ್‌ಗಳ ವಿಚಾರಣೆ ಟಿವಿ ಪರದೆಗಳ ಮೇಲೆ ಮುಗಿದುಹೋಯಿತು. ಸತ್ತವರು ಉತ್ತರ ಕೊಡುವುದಿಲ್ಲವಲ್ಲ.

ಉರ್ದುವಿನಲ್ಲಿ ಓದಿ ಕನ್ನಡಕ್ಕೆ ಬಂದ ನಮ್ಮಂಥವರಿಗೆ ಒಂದು ಪದ ಸದಾ ಕಾಡುತ್ತದೆ. ಮನೆಯಲ್ಲಿ, ಮಸೀದಿಯಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಇನ್ನೊಬ್ಬರ ಹಣ, ಇನ್ನೊಬ್ಬರ ಮಾತು, ಇನ್ನೊಬ್ಬರ ಜೀವ. ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ಕೆಳಗಿನ ನೌಕರನನ್ನು ಕೆಲಸದಿಂದ ದೂರವಿಡುವುದು. ಬೇರು ಒಂದೇ. ಮೊದಲನೆಯ ಅರ್ಥವನ್ನು ಮೇಲಿನವರು ಕೈಬಿಟ್ಟಾಗಲೆಲ್ಲ ಎರಡನೆಯ ಅರ್ಥ ಕೆಳಗಿನವರ ಪಾಲಿಗೆ ಬರುತ್ತದೆ.

ಓರ್ಲಿಯ ಕಾರ್ಮಿಕನ ವಿಷಯದಲ್ಲಿ ತನಿಖೆ ಕೊನೆಗೆ ಸತ್ಯದ ಬಳಿಗೆ ಬಂತು. ದೋಷ ಬಾಗಿಲಿನ ರಚನೆಯಲ್ಲಿತ್ತು, ಮಾಡದ ತಿದ್ದುಪಡಿಯಲ್ಲಿತ್ತು, ತಪ್ಪಾಗಿ ಹೊಂದಿಸಿದ ಅಗುಳಿಗಳಲ್ಲಿತ್ತು. ಅವನು ಹಿಡಿಕೆಯನ್ನು ಬಲವಂತವಾಗಿ ಎಳೆದಿರಲಿಲ್ಲ, ಅದು ತಾನಾಗಿ ಇಳಿಯುವ ಸ್ಥಿತಿಯಲ್ಲಿತ್ತು. ವಿಂಡ್ಸರ್ ಘಟನೆಯ ನಂತರ ಫೋನಿನಲ್ಲಿ ನಿಂತುಹೋದ ಕಡ್ಡಾಯ ಆದೇಶ 1974ರ ಮಾರ್ಚ್ 6ರಂದು, ಕಾಡಿನಲ್ಲಿ ಅವಶೇಷ ಹೆಕ್ಕುತ್ತಿರುವಾಗಲೇ ಹೊರಬಂತು. ಬಾಗಿಲಿನ ವ್ಯವಸ್ಥೆ ಬದಲಾಯಿತು. ದೊಡ್ಡ ವಿಮಾನಗಳ ನೆಲ ಕುಸಿಯದಂತೆ ಗಾಳಿ ಹೊರಹೋಗುವ ದಾರಿ ಇಡಬೇಕೆಂಬ ನಿಯಮ ಬಂತು. ಇಂದು ನಾವು ಜಿದ್ದಾಕ್ಕೋ ದುಬೈಗೋ ಹೋಗುವ ವಿಮಾನಗಳಲ್ಲಿ ಆ 346 ಮಂದಿಯ ಋಣವಿದೆ.

2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಹಾರಿದ ಅಲಾಸ್ಕ ಏರ್‌ಲೈನ್ಸಿನ 737 ಮ್ಯಾಕ್ಸ್ ವಿಮಾನದ ಪಕ್ಕದಲ್ಲಿ, ಬಾಗಿಲಿನ ಜಾಗವನ್ನು ಮುಚ್ಚಲು ಹಾಕಿದ್ದ ಫಲಕವೇ ಕಿತ್ತುಹೋಯಿತು. ಅದನ್ನು ಹಿಡಿಯಬೇಕಿದ್ದ ನಾಲ್ಕು ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಬಿಚ್ಚಿದ್ದಕ್ಕೆ ಕಾಗದವೂ ಇರಲಿಲ್ಲ. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. 2025ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಕಾರಣ ಹೇಳುವಾಗ ಬೋಲ್ಟು ಹಾಕದ ಕೈಗಳನ್ನು ಹೆಸರಿಸಲಿಲ್ಲ. ಕಾರ್ಮಿಕರಿಗೆ ಸರಿಯಾದ ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡದ ಬೋಯಿಂಗ್ ಕಂಪನಿಯನ್ನು ಹೆಸರಿಸಿತು.

ಈ ಎರಡು ಕಂಪನಿಗಳ ಪೈಪೋಟಿಯ ಒಂದು ತುಂಡು ಈಗ ನಮ್ಮ ಊರಿಗೂ ಬಂದಿದೆ. ಎ-320 ವಿಮಾನಗಳ ಮುಂಬಾಗಿಲುಗಳನ್ನು ಬೆಂಗಳೂರಿನ ಎಚ್‌ಎಎಲ್ ದಶಕಗಳ ಕಾಲ ತಯಾರಿಸಿ ಕೊಟ್ಟಿದೆ. ಅದೇ ಎ-320 ನಿಯೊದ ಸರಕು ಬಾಗಿಲುಗಳ ಗುತ್ತಿಗೆ 2023ರಲ್ಲಿ ಟಾಟಾ ಕಂಪನಿಯೊಂದಕ್ಕೆ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಎ-220 ವಿಮಾನದ ಎಲ್ಲ ಬಾಗಿಲುಗಳನ್ನು ಮಾಡುವ ಗುತ್ತಿಗೆಯನ್ನು ಏರ್‌ಬಸ್ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಗೆ ಕೊಟ್ಟಿತು. ಒಮ್ಮೆ ಕಾನ್ವೇರ್ ಕೂತಿದ್ದ ಉಪಗುತ್ತಿಗೆದಾರನ ಕುರ್ಚಿ ಅದು.